ಕಾಕಾನ ಗಡಿಗೆ ಇಂಟರ್ನೆಟ್ಟಿಗೆ ಏರಿದ್ದು

ಪೇಟೆಯಲ್ಲಿ ಏನೇ ಕೊಳ್ಳುವಾಗಲೂ ಅದನ್ನು ಬೆರಳಿನಿಂದ ಬಡಿದು ನೋಡುವ ಚಾಳಿ ನನಗಿದೆ. ತೆಂಗಿನಕಾಯಿ, ಹಲಸು, ಕಲ್ಲಂಗಡಿಯಾದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಒಮ್ಮೆ ಬೆಳಗಾವಿಯ ಖಾಸಬಾಗದ ಅಂಗಡಿಯೊಂದರಲ್ಲಿ ಉಕ್ಕಿನ ಕಪಾಟನ್ನು ಬಡಿದು ಕಿವಿಯಿಟ್ಟು ಕೇಳುತ್ತಿದ್ದಾಗ ಅಂಗಡಿಯವನು, "ಒಳಗ ಯಾರೂ ಇಲ್ರೀ ಅಕ್ಕಾರ" ಅಂದ. ಅಂದಿನಿಂದ ನನ್ನ ಗಂಡ ನನ್ನ ಜೊತೆ ಪೇಟೆಗೆ ಬರುವುದನ್ನೇ ಬಿಟ್ಟಿದ್ದಾರೆ. ನಾನೇನು ಮಾಡಲಿ, ಕುಂಬಾರರ ಮನೆಯ ಮಗಳು ನಾನು.

ಗಡಿಗೆಯನ್ನು ಬಡಿಯದೆ ಯಾರೂ ಕೊಳ್ಳುವುದಿಲ್ಲ. ಬೆರಳ ಗೆಣ್ಣಿನಿಂದ ಅದರ ಹೊಟ್ಟೆಯ ಮೇಲೆ ಮೆಲ್ಲಗೆ ಕುಟ್ಟಿದರೆ ಟಣ್ ಅನ್ನಬೇಕು. ಟಪ್ ಅಂದರೆ ಎಲ್ಲೋ ಕೂದಲೆಳೆಯಷ್ಟು ಬಿರುಕಿದೆ ಎಂದೇ ಲೆಕ್ಕ. ಡಾಕ್ಟರು ನಮ್ಮ ಎದೆಯ ಮೇಲೆ ಬೆರಳಿಟ್ಟು ಕುಟ್ಟಿ ನೋಡುವ ವಿದ್ಯೆಯೂ ಹೀಗೇ ಹುಟ್ಟಿತಂತೆ, ಎಲ್ಲೋ ಓದಿದ್ದೇನೆ. ಯುರೋಪಿನ ಒಬ್ಬ ವೈದ್ಯನ ಅಪ್ಪ ಖಾನಾವಳಿ ನಡೆಸುತ್ತಿದ್ದ. ಪೀಪಾಯಿಯಲ್ಲಿ ಎಷ್ಟು ಮದ್ಯ ಉಳಿದಿದೆ ಎಂದು ಬಡಿದೇ ತಿಳಿಯುತ್ತಿದ್ದ. ಮಗ ದೊಡ್ಡವನಾಗಿ ಅದನ್ನೇ ರೋಗಿಗಳ ಮೇಲೆ ಪ್ರಯೋಗಿಸಿದ. ಹೆಣ್ಣು ನೋಡಲು ಬಂದವರು "ಒಂದ ಹಾಡ ಹೇಳವಾ" ಅನ್ನುವುದೂ ಇದೇ ವಿದ್ಯೆಯ ಇನ್ನೊಂದು ಶಾಖೆ ಎಂದು ನನ್ನ ಗುಮಾನಿ. ನಾನು ಹಾಡಿದಾಗ ಟಪ್ ಅಂದದ್ದು ಇಡೀ ಪಡಸಾಲೆಗೆ ಕೇಳಿಸಿತ್ತು. ಆದರೂ ಒಪ್ಪಿಕೊಂಡರು, ಪಾಪ.

ಇರಲಿ, ನಾನು ಹೇಳಹೊರಟದ್ದು ನನ್ನ ಕಾಕಾನ ಸುದ್ದಿ. ನನ್ನ ಅಪ್ಪ ನೌಕರಿ ಹಿಡಿದು ಬೆಳಗಾವಿಗೆ ಬಂದರೂ ಅವನ ತಮ್ಮ, ಅಂದರೆ ಕಾಕಾ, ಖಾನಾಪುರದಲ್ಲೇ ಉಳಿದು ತಿಗರಿ ತಿರುಗಿಸಿ ಗಡಿಗೆ, ಹೂಜಿ ಮಾಡುತ್ತಿದ್ದ. ಎರಡು ಸಾವಿರನೇ ಇಸವಿಯ ಆಸುಪಾಸು ಮನೆಮನೆಗೂ ಫ್ರಿಜ್ಜು ಬಂತು, ಪ್ಲಾಸ್ಟಿಕ್ ಕೊಡ ಬಂತು, ಕಾಕಾನ ಗಿರಾಕಿಗಳು ಕರಗತೊಡಗಿದರು. ಕಾಕಿಯ ತಮ್ಮ ಮದುವೆಗಳಿಗೆ ಪೆಂಡಾಲು, ಖುರ್ಚಿ ಬಾಡಿಗೆಗೆ ಕೊಡುವವನು. ಅವನ ಕಣ್ಣು ತಿಗರಿ ಇದ್ದ ಶೆಡ್ಡಿನ ಮೇಲೆ ಬಿತ್ತು. "ಈ ತಿಗರಿ ಒಂದ ತಗದ್ರ ನನ್ನ ಖುರ್ಚಿ ಎಲ್ಲಾ ಹಿಡಿಸ್ತಾವು ಮಾಮಾ" ಎಂದು ಬಂದಾಗಲೊಮ್ಮೆ ರಾಗ ಎಳೆಯುತ್ತಿದ್ದ. ಕಾಕಾ ಇನ್ನೇನು ಹೂಂ ಅನ್ನುವುದರಲ್ಲಿದ್ದ.

ಆಗ ಬಾಯಿ ಹಾಕಿದವಳು ನಾನು. ವಿಮಾ ಕಚೇರಿಯ ಕೆಲಸ ಮುಗಿಸಿ ಸಂಜೆ ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಅಕ್ಷರಗಳನ್ನು ಮಿಣುಕಿಸುವುದು ಹೇಗೆ ಎಂಬಲ್ಲಿಯವರೆಗೆ ನನ್ನ ವಿದ್ಯೆ ಬಂದಿತ್ತು. ಅಷ್ಟಕ್ಕೇ ತಲೆ ತಿರುಗಿ, "ಕಾಕಾ, ನಿನ್ನ ಅಂಗಡಿ ಇಂಟರ್ನೆಟ್ಟಿಗೆ ಹಾಕೂಣು. ಜಗತ್ತೆಲ್ಲಾ ನೋಡತೈತಿ" ಎಂದುಬಿಟ್ಟೆ. ಕಾಕಾ ಮಣ್ಣು ತಟ್ಟುತ್ತಲೇ ಹೇಳಿದ: "ಆತು. ಯುಗಾದಿ ಮಟ ನೋಡೂಣು. ಅದರಾಗಿಂದ ಒಬ್ಬ ಗಿರಾಕಿ ಬಂದ್ರ ತಿಗರಿ, ಬರಲಿಲ್ಲಂದ್ರ ಖುರ್ಚಿ." ಮೂರು ತಲೆಮಾರಿನ ತಿಗರಿ ಹೀಗೆ ನನ್ನ ಅರೆಬೆಂದ ವಿದ್ಯೆಯ ಮೇಲೆ ಬಂದು ಕೂತಿತು.

ವೆಬ್‌ಸೈಟು ಕಟ್ಟುವ ಮೊದಲು ಕಾಗದದ ಮೇಲೆ ನಕ್ಷೆ ಹಾಕಬೇಕು ಎಂದು ಕ್ಲಾಸಿನಲ್ಲಿ ಹೇಳಿದ್ದರು. ಹಾಕಿದೆ. ಕಾಕಾ ನೋಡಿದ, ಕಾಕಿ ನೋಡಿದಳು, ವಾಸ್ತು ಬಲ್ಲ ಬಾಜೂ ಮನೆಯ ಅಜ್ಜನೂ ನೋಡಿ, ಬಾಗಿಲು ಮಾತ್ರ ಪೂರ್ವಕ್ಕಿರಲಿ ಎಂದ. ಕಂಪ್ಯೂಟರಿನ ಪರದೆಯಲ್ಲಿ ಪೂರ್ವ ಯಾವುದು ಎಂಬ ಚರ್ಚೆಯಲ್ಲಿ ಒಂದು ಇಡೀ ಭಾನುವಾರ ಹೋಯಿತು. ಭೂಪಟದಲ್ಲಿ ಬಲಗಡೆಯೇ ಪೂರ್ವ ಅಲ್ಲವೇ ಎಂದು ಕಡೆಗೆ ತೀರ್ಮಾನವಾಗಿ 'ಒಳಗೆ ಬನ್ನಿ' ಎಂಬ ಗುಂಡಿ ಬಲಕ್ಕೆ ಹೋಯಿತು. ಹಳದಿ ನೆಲ, ಕುಂಕುಮದ ಬಣ್ಣದ ಅಕ್ಷರ, ಅಡ್ಡಡ್ಡ ಓಡುವ ಸ್ವಾಗತ. ಮಿಣುಕಬಹುದಾದದ್ದೆಲ್ಲ ಮಿಣುಕುತ್ತಿತ್ತು. ಇಂದು ಅದನ್ನು ನೋಡಿದರೆ ಕಣ್ಣಿನ ಡಾಕ್ಟರರ ಹತ್ತಿರ ಓಡಬೇಕಾದೀತು, ಅಂದು ಮಾತ್ರ ನನಗೆ ನನ್ನ ಮೇಲೇ ಮೋಹ ಉಕ್ಕಿತ್ತು.

ಗಡಿಗೆಗಳ ಫೋಟೋ ತೆಗೆಸಿ, ಕ್ಯಾಂಪಿನಲ್ಲಿ ಸ್ಕ್ಯಾನ್ ಮಾಡಿಸಿ ಏರಿಸಿದ್ದಾಯಿತು. ಆಗಿನ ಇಂಟರ್ನೆಟ್ಟಿನ ನಡಿಗೆ ನಿಮಗೆ ನೆನಪಿರಬೇಕು. ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿಯುತ್ತಿತ್ತು. ಮೊದಲು ಬಾಯಿ, ಒಂದು ಆಕಳಿಕೆಯಾದ ಮೇಲೆ ಕುತ್ತಿಗೆ, ಆಮೇಲೆ ಹೊಟ್ಟೆ. ಕಾಕಾ ಕಣ್ಣರಳಿಸಿ ನೋಡಿ, "ನಾವು ಬುಡದಿಂದ ಏರಸ್ತೀವಿ, ಇದು ಬಾಯಿಂದ ಇಳಸ್ತೈತಿ. ಇಂವ ಯಾವೂರ ಕುಂಬಾರ?" ಎಂದ. ಪುಕ್ಕಟೆ ಜಾಗದಲ್ಲಿ ಕಟ್ಟಿದ್ದರಿಂದ ನಮ್ಮ ವೆಬ್‌ಸೈಟಿನ ವಿಳಾಸ ಗೂಡ್ಸ್ ಗಾಡಿಯಷ್ಟು ಉದ್ದವಿತ್ತು, ನಡುವೆ ಒಂದು ಡೊಂಕು ಗೆರೆ ಬೇರೆ. ಅದನ್ನು ಕಾಕಾನ ಅಂಗಡಿಯ ಬೋರ್ಡಿನ ಮೇಲೆ ಬರೆದ ಪೇಂಟರು ಆ ಗೆರೆಯನ್ನು ಮಲಪ್ರಭೆಯ ಅಲೆ ಎಂದು ತಿಳಿದು ನೀಲಿ ಬಳಿದು, ತಮ್ಮ ಕಡೆಯಿಂದ ಒಂದು ದೋಣಿಯನ್ನೂ ತೇಲಿಬಿಟ್ಟರು.

ಎಲ್ಲ ಮುಗಿಯಿತು ಎಂದುಕೊಂಡಾಗ ಕಾಕಾ ಕೇಳಿದ: "ಎಲ್ಲಾ ಚಂದ ಐತಿ. ಬಡಿಯೂದು ಎಲ್ಲಿ?"

ಚಿತ್ರವನ್ನೇ ಮತ್ತೆ ತೋರಿಸಹೋದರೆ ಕಾಕಾ ಬಿಡಲಿಲ್ಲ. "ಬಡೀಲಾರದ ಗಡಿಗಿ ಯಾರ ತಗೋತಾರವ್ವಾ? ನೀ ತಗೋತಿಯೇನು?" ಖರೇ ಹೇಳಬೇಕೆಂದರೆ ನಾನು ಸತ್ತರೂ ತಗೊಳ್ಳುತ್ತಿರಲಿಲ್ಲ.

ಹಾಗಾಗಿ ದನಿಯನ್ನೂ ಏರಿಸುವುದೆಂದಾಯಿತು. ಮನೆಯ ಟೇಪ್ ರೆಕಾರ್ಡರು ತಂದು ಶೆಡ್ಡಿನಲ್ಲಿಟ್ಟೆ. ಕಾಕಾ ಜಳಕ ಮಾಡಿ, ಟೊಪ್ಪಿಗೆ ಹಾಕಿಕೊಂಡು, ಸಂಗೀತ ಕಚೇರಿಗೆ ಕೂತ ಗವಾಯಿಯ ಗತ್ತಿನಲ್ಲಿ ಬಡಿದ. ಮೊದಲ ಸಲ ರೈಲು ಕೂಗಿತು. ಎರಡನೇ ಸಲ ಎಮ್ಮೆ. ಮೂರನೇ ಸಲ ಟಣ್ ಎಂದು ಶುದ್ಧವಾಗಿ ಹೊಮ್ಮಿದ ನಾದದ ಬಾಲಕ್ಕೇ ಒಳಗಿಂದ ಕಾಕಿ, "ಏನ್ರೀ, ಚಹಾ ಆರಾಕತ್ತೈತಿ" ಅಂದಳು. ಕಾಕಿಯನ್ನು ಕತ್ತರಿಸಿದರೆ ನಾದವೂ ತುಂಡಾಗುತ್ತದೆ ಎಂದರು ಕ್ಯಾಂಪಿನ ಸೈಬರ್ ಕೆಫೆಯವರು. ಹೀಗಾಗಿ ನಮ್ಮ ಗಡಿಗೆಯ ಮೇಲೆ ಒತ್ತಿದರೆ ಮೊದಲು ಟಣ್ ಅನ್ನುತ್ತಿತ್ತು, ಆಮೇಲೆ ಚಹಾಕ್ಕೆ ಕರೆಯುತ್ತಿತ್ತು. ತನ್ನ ದನಿ ಫಾರಿನ್ನಿಗೆ ಹೋಗಿದೆ ಎಂದು ಕಾಕಿ ಓಣಿಗೆಲ್ಲ ಸಾರಿದಳು. ನಾನು ಚಿತ್ರದ ಕೆಳಗೆ 'ಇಲ್ಲಿ ಬಡಿದು ಕೇಳಿರಿ' ಎಂದೂ ಅದರಡಿ ಖಾನಾಪುರದ ವಿಳಾಸವನ್ನೂ ಇಂಗ್ಲಿಷಿನಲ್ಲಿ ಬರೆದೆ. ಕನ್ನಡದಲ್ಲಿ ಬರೆದರೆ ಊರಾಚೆಯ ಕಂಪ್ಯೂಟರುಗಳಲ್ಲಿ ಬರೀ ಚೌಕಗಳು ಕಾಣುತ್ತಿದ್ದವು.

ಖಾನಾಪುರದಲ್ಲಿ ಇಂಟರ್ನೆಟ್ಟಿನ ಅಂಗಡಿ ಇರಲಿಲ್ಲ. ಹಾಗಾಗಿ ಕಾಕಾ ತನ್ನ ಅಂಗಡಿಯನ್ನು ತಾನೇ ನೋಡಲು ಬಸ್ಸು ಹತ್ತಿ ಕ್ಯಾಂಪಿಗೆ ಬರುತ್ತಿದ್ದ. ಕೆಫೆಯ ಒಂದೇ ಒಂದು ಹೆಡ್‌ಫೋನನ್ನು ಟೊಪ್ಪಿಗೆಯ ಮೇಲೇ ಏರಿಸಿಕೊಂಡು, ತನ್ನ ಗಡಿಗೆಯನ್ನು ಬಡಿದು ಕೇಳಿ ತಲೆದೂಗುತ್ತಿದ್ದ. ಪುಟದ ಕೆಳಗೆ ಎಷ್ಟು ಮಂದಿ ಬಂದು ಹೋದರೆಂದು ತೋರಿಸುವ ಲೆಕ್ಕವಿತ್ತು. "ಇಷ್ಟ ಮಂದಿ ಬಂದಾರ, ಒಬ್ಬರೂ ಮಾತಾಡ್ಸಲಿಲ್ಲ?" ಎಂದು ಅವನಿಗೆ ಬೇಜಾರು. ಆ ಮಂದಿಯೆಲ್ಲ ನಾವೇ, ನಾವು ನೋಡಿದಾಗಲೆಲ್ಲ ಅದು ಏರುತ್ತಿತ್ತು ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಯುಗಾದಿಯ ಹಿಂದಿನ ಭಾನುವಾರ ಕೊನೆಯ ಸಲ ಕೆಫೆಗೆ ಹೋಗಿ ಮೇಲ್ ತೆರೆದೆ. ಒಂದು ಪತ್ರವೂ ಇರಲಿಲ್ಲ. ಬಸ್ಸಿನಲ್ಲಿ ಖಾನಾಪುರದವರೆಗೂ ಕಾಕಾನಿಗೆ ಹೇಗೆ ಹೇಳಲಿ ಎಂದು ಒಳಗೊಳಗೇ ತಾಲೀಮು ಮಾಡಿದೆ, ಅಳುವೂ ಬಂತು. ಹೋಗಿ ನೋಡಿದರೆ ಅಂಗಳದಲ್ಲಿ ಆಗಲೇ ಟೆಂಪೋ ನಿಂತಿದೆ, ಪ್ಲಾಸ್ಟಿಕ್ ಖುರ್ಚಿಗಳು ಒಂದರ ಮೇಲೊಂದು ಏರಿವೆ, ಕಾಕಿಯ ತಮ್ಮ ಟೇಪು ಹಿಡಿದು ಶೆಡ್ಡನ್ನು ಅಳೆಯುತ್ತಿದ್ದಾನೆ. ಕಾಕಾ ತಿಗರಿಯ ಪಕ್ಕ ಮಣ್ಣು ಮುಟ್ಟದ ಒಣ ಕೈ ಇಟ್ಟುಕೊಂಡು ಕೂತಿದ್ದ. ನನ್ನ ಮುಖ ನೋಡಿ, ಟೇಪಿಗೆ ಅಡ್ಡವಾಗಿದ್ದ ಕಾಲನ್ನು ಹಿಂದಕ್ಕೆ ಎಳೆದುಕೊಂಡ.

ಅಷ್ಟರಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬರು ಬಂದು, ಇಂಟರ್ನೆಟ್ಟಿನಲ್ಲಿರುವ ಗಡಿಗೆ ಅಂಗಡಿ ಇದೇನಾ ಎಂದು ಮರಾಠಿಯಲ್ಲಿ ಕೇಳಿದರು. ನಾವು ಹೂಂ ಅನ್ನುವುದರೊಳಗೆ, ಗಿರಾಕಿಗಳಿಗೆಂದೇ ಇಟ್ಟದ್ದೆಂದು ತಿಳಿದು ಒಂದು ಖುರ್ಚಿ ಎಳೆದುಕೊಂಡು ಕೂತರು. ಗೋವಾದಿಂದ ರೈಲು ಹತ್ತಿ ಬಂದಿದ್ದರು. ಸಮುದ್ರದ ದಂಡೆಯಲ್ಲಿ ಅವರದೊಂದು ಸಣ್ಣ ಲಾಡ್ಜು, ಕೋಣೆಗೊಂದು ನೀರಿನ ಹೂಜಿ ಬೇಕಿತ್ತಂತೆ. ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ನಮ್ಮ ಗಡಿಗೆಯ ದನಿ ಹೇಗನಿಸಿತು ಎಂದು ಕೇಳಿಯೇಬಿಟ್ಟೆ.

"ದನಿ ಎಲ್ಲಿ ಬಂತು?" ಅಂದರು ಅವರು. "ಬಡಿದು ಕೇಳಿ ಅಂತ ಬರೆದಿದ್ದೀರಿ. ಒತ್ತಿದೆ, ಮತ್ತೆ ಒತ್ತಿದೆ. ನಮ್ಮೂರ ಕೆಫೆಯ ಕಂಪ್ಯೂಟರಿಗೆ ಸ್ಪೀಕರೇ ಇಲ್ಲ. ಹೇಗಿದ್ದೀತು ಅಂತ ತಲೆಯಲ್ಲಿ ಕೂತುಬಿಟ್ಟಿತು. ಕೇಳಿಯೇ ಬರೋಣ ಅಂತ ಹೊರಟೆ."

ಎದ್ದು ಶೆಡ್ಡಿನೊಳಗೆ ಹೋಗಿ ಸಾಲುಸಾಲಾಗಿ ಬಡಿಯತೊಡಗಿದರು. ಟಣ್. ಟಣ್. ಕಾಕಿಯ ತಮ್ಮ ಟೇಪು ಸುತ್ತಿ ಜೇಬಿಗಿಟ್ಟ. ಲಾಡ್ಜಿಗೆ ಬೇಕಾದಷ್ಟು ಆರಿಸಿ, ಊರಿನ ಉಳಿದ ಲಾಡ್ಜಿನವರಿಗೂ ಹೇಳುತ್ತೇನೆ ಎಂದು ಅವರು ಮತ್ತೆ ಬಂದು ಕೂತರು. ಕಾಕಿಯ ತಮ್ಮ ಖುರ್ಚಿಗಳನ್ನೆಲ್ಲ ಟೆಂಪೋಕ್ಕೆ ಮರಳಿ ಏರಿಸಿದ. ಗಿರಾಕಿ ಕೂತಿದ್ದ ಒಂದನ್ನು ಮಾತ್ರ ಕೇಳುವ ಧೈರ್ಯ ಅವನಿಗಾಗಲಿಲ್ಲ.

ಗಿರಾಕಿ ಹೋದ ಮೇಲೆ ಕಾಕಾ ಹೊಸ ಮಣ್ಣು ಕಲಸುತ್ತ ನನ್ನನ್ನು ಬಾಜೂಕ್ಕೆ ಕರೆದು, "ತಂಗೀ, ಆ ದನಿ ತಗದ ಹಾಕು" ಎಂದ.

"ಯಾಕ ಕಾಕಾ, ಅಷ್ಟ ಕಷ್ಟಪಟ್ಟ ಹಾಕೇವಿ."

"ಅಲ್ಲೇ ಕೇಳಿದ್ದರ ಅಂವ ಇಲ್ಲಿಗ್ಯಾಕ ಬರ್ತಿದ್ದ?"

ಜಗತ್ತಿಗೆಲ್ಲ ಎಲ್ಲವನ್ನೂ ಕೂತಲ್ಲೇ ಕೇಳಿಸಬೇಕು ಎಂದು ನಾನು ಹಟ ಹಿಡಿದಿದ್ದೆ. ಮನುಷ್ಯ ಎದ್ದು ಬರಬೇಕಾದರೆ ಅವನಿಗೆ ಒಂದಿಷ್ಟು ಕೇಳಿಸದೆಯೂ ಇರಬೇಕು ಎಂಬುದು ಕ್ಲಾಸಿನ ಪಾಠದಲ್ಲಿ ಇರಲಿಲ್ಲ. ಫಾರಿನ್ನಿಗೆ ಹೋದ ದನಿಯನ್ನು ವಾಪಸು ತರಿಸುತ್ತಾಳೆಂದು ತಿಳಿದೇ ಕಾಕಿ ನನ್ನ ಜೊತೆ ಮಾತು ಬಿಟ್ಟಳು. ಮರುವಾರ ಕ್ಯಾಂಪಿಗೆ ಹೋಗಿ ನಾನು ಟಣ್ಣನ್ನೂ ಚಹಾವನ್ನೂ ತೆಗೆದುಹಾಕಿದೆ. 'ಇಲ್ಲಿ ಬಡಿದು ಕೇಳಿರಿ' ಎಂಬ ಸಾಲನ್ನು ಮಾತ್ರ ಹಾಗೇ ಬಿಟ್ಟೆ.