ಖರ್ಜೂರದ ಗಂಗಸರ

ನಾನು ಹುಟ್ಟಿದಲ್ಲಿಂದ ಇವತ್ತಿನವರೆಗೆ ಒಂದು ತೊಟ್ಟು ಮದ್ಯ ಬಾಯಿಗೆ ಬಿಟ್ಟುಕೊಂಡವನಲ್ಲ. ಆದರೆ ಮದ್ಯ ತಯಾರಿಸಿದ್ದೇನೆ. ಪೂರ್ತಿ ಅಲ್ಲ, ಮುಕ್ಕಾಲು ಪಾಲು. ಅದೂ ಎಲ್ಲಿ? ದುಬೈಯಲ್ಲಿ. ಅದೂ ಯಾವ ಕುರ್ಚಿಯಲ್ಲಿ ಕೂತುಕೊಂಡು? ಕಂಪನಿಯ ಪಿ.ಆರ್.ಓ. ವಿಭಾಗದಲ್ಲಿ, ಅಂದರೆ ಈ ದೇಶದಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂದು ಉಳಿದ ನೌಕರರಿಗೆ ಬೋಧನೆ ಮಾಡುವ ಕುರ್ಚಿಯಲ್ಲಿ. ಹೇಳಿಕೊಳ್ಳಲು ನಾಚಿಕೆಯಾಗಬೇಕು. ಆಗುವುದಿಲ್ಲ ನೋಡಿ! ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ಮೆಟ್ರೋ ಓಡತೊಡಗಿ ಐದಾರು ವರ್ಷವಾಗಿದ್ದ ಕಾಲವದು. ಆಗ ಅಂಗಡಿಯಿಂದ ಒಂದು ಬಾಟಲಿ ಮನೆಗೆ ತರಬೇಕಿದ್ದರೂ ಪರ್ಮಿಟ್ ಬೇಕಿತ್ತು. ಪಾಸ್‌ಪೋರ್ಟಿನ ನಕಲು, ವೀಸಾದ ನಕಲು, ಸಂಬಳದ ಸರ್ಟಿಫಿಕೇಟು, ನಗದೆ ತೆಗೆಸಿದ ಫೋಟೊ, ಇವೆಲ್ಲದರ ಮೇಲೆ ಕಂಪನಿಯ ಸಹಿ ಮತ್ತು ಮೊಹರು. ಇಂಥ ಅರ್ಜಿಗಳನ್ನು ನಾನು ಎಷ್ಟು ಜನರಿಗೆ ತುಂಬಿಸಿ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಆದರೆ ಮನೆಯಲ್ಲೇ ತಯಾರಿಸುವುದಕ್ಕೆ ಅರ್ಜಿಯೇ ಇಲ್ಲ. ನಮ್ಮ ವಿಭಾಗದ ಭಾಷೆಯಲ್ಲಿ ಅರ್ಜಿಯೇ ಇಲ್ಲದ ಕೆಲಸ ಎಂದರೆ ಸೀದಾ ಜೈಲು, ಆಮೇಲೆ ಸೀದಾ ಮಂಗಳೂರಿನ ವಿಮಾನ. ನಾವಿದ್ದದ್ದು ದುಬೈಯ ಗಡಿಯಂಚಿನ ಅಲ್ ನಹ್ದಾದಲ್ಲಿ. ನಮ್ಮ ಹಾಲಿನ ಕಿಟಕಿಯಿಂದ ನೋಡಿದರೆ ಎದುರಿನ ಕಟ್ಟಡಗಳೆಲ್ಲ ಶಾರ್ಜಾ. ಅಲ್ಲಿಯಂತೂ ಪರ್ಮಿಟ್ಟು ಗಿರ್ಮಿಟ್ಟು ಏನೂ ಇಲ್ಲ, ಮದ್ಯವೇ ಇಲ್ಲ. ಒಂದೇ ಬಿಸಿಲು ಬೀಳುವ ರಸ್ತೆಯ ಎರಡು ಬದಿಗೆ ಎರಡು ಕಾನೂನು. ಇದನ್ನು ಹೊಸಬರಿಗೆ ಕಿಟಕಿಯಿಂದಲೇ ಕೈ ತೋರಿಸಿ ವಿವರಿಸುವುದು ನನಗೆ ಬಹಳ ಇಷ್ಟದ ಕೆಲಸವಾಗಿತ್ತು.

ಇಂಥ ಮನೆಗೆ ಜುಲೈ ತಿಂಗಳಲ್ಲಿ ನನ್ನ ಅತ್ತೆ ಬಂದರು. ಹೆಂಡತಿ ಪ್ರತಿಮಾ ಆಸ್ಪತ್ರೆಯಲ್ಲಿ ನರ್ಸು; ಅದೇ ಆಸ್ಪತ್ರೆಯಲ್ಲಿ ನಮಗೆ ಮಗಳು ಹುಟ್ಟಿದ್ದಳು. ಬಾಣಂತನಕ್ಕೆಂದು ಕಾರ್ಕಳದ ಕಡೆಯಿಂದ ಹೊರಟ ಅತ್ತೆಗೆ ಅದು ಮೊದಲ ವಿಮಾನ. ದೊಡ್ಡ ಮಗಳು ಕುವೈಟಿನಲ್ಲಿ ಹೆತ್ತಾಗ ವೀಸಾ ಸಿಗದೆ ಇವರು ಹೋಗಲಾಗಿರಲಿಲ್ಲ. ಆ ಬೇಸರ ಅವರಿಗೆ ಇನ್ನೂ ಹೋಗಿರಲಿಲ್ಲ.

"ಇದೊಂದು ಬಾಣಂತನ ನಾನು ಸರಿಯಾಗಿ ಮಾಡ್ಬೇಕು ಮಾರಾಯ್ರೆ. ಒಂದೂ ಬಿಡ್ಲಿಕ್ಕೆ ಆಗುದಿಲ್ಲ. ಇನ್ನು ನನಗೆ ಯಾರು ಉಂಟು ಹೆರ್ಲಿಕ್ಕೆ?" ಎಂದರು. ನಮ್ಮದು ತುಳು ಮಾತಾಡುವ ಮನೆ. ಅವರು ಹೇಳಿದ್ದನ್ನು ನಮ್ಮೂರ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ದುಬೈ ಅವರಿಗೆ ಮೊದಲ ದಿನವೇ ಮೆಚ್ಚಿಗೆಯಾಯಿತು. ಬುರ್ಜು, ಮಾಲು ನೋಡಿ ಅಲ್ಲ, ನಲ್ಲಿ ನೋಡಿ. ಜುಲೈಯಲ್ಲಿ ಇಲ್ಲಿಯ ತಣ್ಣೀರಿನ ನಲ್ಲಿ ತಿರುಗಿಸಿದರೆ ಬರುವುದು ಕೈ ಸುಡುವ ನೀರು. "ಹಂಡೆ ಬೇಡ, ಸೌದೆ ಬೇಡ, ಬಾಣಂತಿಗೆ ಅಂತ ದೇವರೇ ಕಾಯಿಸಿ ಇಟ್ಟಿದ್ದಾರಲ್ಲ!" ಎಂದು ಕುಣಿದಾಡಿದರು. ಬೆಳಗ್ಗೆ ಐದಕ್ಕೆ ಎದ್ದು ಎಣ್ಣೆ ಹಚ್ಚಿ, ಬಕೆಟುಗಟ್ಟಲೆ ನೀರನ್ನು ಚೊಂಬಿನಿಂದ ಮಗಳ ಸೊಂಟಕ್ಕೆ ಪಟಪಟ ಎರಚಿ, ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸಿ, ಇಬ್ಬರ ತಲೆಗೂ ಲೋಬಾನದ ಹೊಗೆ ಹಿಡಿದು, ಕಾಳುಮೆಣಸು ಬೆಳ್ಳುಳ್ಳಿಯ ಸಾರು ಮಾಡುವಷ್ಟರಲ್ಲಿ ಮಧ್ಯಾಹ್ನ. ಮೂರನೆಯ ದಿನ ಅವರು ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿ, "ಎಲ್ಲ ಆಯ್ತು. ಇನ್ನು ಗಂಗಸರ ಒಂದು ಆಗ್ಬೇಕು" ಎಂದರು.

ಗಂಗಸರ ಎಂದರೆ ತುಳುವಿನಲ್ಲಿ ಭಟ್ಟಿ ಇಳಿಸಿದ ಸಾರಾಯಿ. ಅತ್ತೆಯ ಮನೆಯಲ್ಲಿ ಅದು ಗೇರುಹಣ್ಣಿನದ್ದು. ಬಾಣಂತನದಲ್ಲಿ ಮದ್ದಿಗೆ ಬೀಳುತ್ತದೆ ಎಂದು ನಾನೂ ಕೇಳಿದ್ದೆ. ಅಂಗಡಿಯ ಬ್ರಾಂಡಿಗೆ ಪರ್ಮಿಟ್ ಮಾಡಿಸುತ್ತೇನೆ ಎಂದರೆ, "ಅದು ಬಣ್ಣದ ನೀರು. ಹಣ್ಣಿನದ್ದೇ ಆಗ್ಬೇಕು" ಎಂದುಬಿಟ್ಟರು. ನಾನು ಗಂಟಲು ಸರಿಮಾಡಿಕೊಂಡು ಕಾನೂನಿನ ಪಾಠ ಶುರುಮಾಡಿದೆ. ಅವರು ಬೆಳ್ಳುಳ್ಳಿ ಸುಲಿಯುತ್ತಾ ಪೂರ್ತಿ ಕೇಳಿದರು.

"ಊರಲ್ಲಿ ರೂಲ್ಸ್ ಇರ್ಲಿಲ್ಲ ಅಂತ ಮಾಡಿದ್ದೀರಾ? ಅಬಕಾರಿಯವರ ಜೀಪು ಗುಡ್ಡೆಯ ಆಚೆ ಕೇಳಿದ್ರೆ ಸಾಕು, ಮಡಕೆ ಗೊಬ್ಬರದ ಗುಂಡಿಗೆ ಹೋಗ್ತಿತ್ತು. ಇಲ್ಲಿ ಗೊಬ್ಬರದ ಗುಂಡಿ ಎಲ್ಲುಂಟು, ಅದು ಹೇಳಿ ಮೊದ್ಲು."

ನಾನು ಬೇಡವೆಂದು ಹೇಳಬೇಕಿತ್ತು. ಹೇಳಲಿಲ್ಲ. ಮೂವತ್ತೈದು ವರ್ಷ ಸಾಲಿನಲ್ಲಿ ನೆಟ್ಟಗೆ ನಿಂತು ಬದುಕಿದವನ ಹೊಟ್ಟೆಯೊಳಗೆ ಒಬ್ಬ ಪೋಕರಿ ಇರುತ್ತಾನೆ ಎಂದು ನನಗೆ ಗೊತ್ತಾದದ್ದೇ ಆಗ. ಪ್ರತಿಮಾ ಮಂಚದಿಂದಲೇ ಬೈದಳು: "ಅಮ್ಮನಿಗಂತೂ ಬುದ್ಧಿ ಇಲ್ಲ, ನಿಮಗೆ ಎಂತ ಆಗಿದೆ? ನಾನು ಹಾಲು ಕೊಡುವವಳು, ಒಂದು ಚಮಚವೂ ಮುಟ್ಟುದಿಲ್ಲ, ಈಗಲೇ ಹೇಳಿದ್ದೇನೆ." ಇಂಥ ಮಾತೆಲ್ಲ ಅತ್ತೆಯ ಮುಂದೆ ನಡೆಯುವುದಿಲ್ಲ ಎಂದು ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಣ್ಣು ಎಲ್ಲಿಂದ ಬಂತು ಎಂದು ಹೇಳಿದರೆ ನೀವು ನನ್ನನ್ನು ಕ್ಷಮಿಸಲಾರಿರಿ. ನಮ್ಮ ಆಫೀಸಿನ ಮೇಲಧಿಕಾರಿ ಈ ದೇಶದವರೇ. ಅವರನ್ನು ಎಲ್ಲರೂ ಅಬೂ ಸಯೀದ್ ಎಂದು ಕರೆಯುತ್ತಿದ್ದರು. ದಿನಕ್ಕೆ ಐದು ಹೊತ್ತು ಪ್ರಾರ್ಥನೆ ತಪ್ಪಿಸದ, ಯಾರಿಗೂ ಗದರದ ದೊಡ್ಡ ಮನುಷ್ಯ. ಮಗಳು ಹುಟ್ಟಿದ ಸುದ್ದಿ ಕೇಳಿ ತಮ್ಮ ತೋಟದ ರುತಬ್, ಅಂದರೆ ಆಗಷ್ಟೇ ಮೆತ್ತಗಾದ ಹಸಿ ಖರ್ಜೂರ, ಒಂದು ದೊಡ್ಡ ಬುಟ್ಟಿ ತುಂಬ ಕಳಿಸಿದರು. "ಹೆತ್ತ ತಾಯಿಗೆ ಇದಕ್ಕಿಂತ ಒಳ್ಳೆಯದಿಲ್ಲ" ಎಂದು ಹೇಳಿಯೂ ಕಳಿಸಿದ್ದರು. ಅತ್ತೆ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. "ಇಲ್ಲಿಯ ಬಾಣಂತನಕ್ಕೆ ಇಲ್ಲಿಯದ್ದೇ ಹಣ್ಣು" ಎಂದರು. ಆ ಪುಣ್ಯಾತ್ಮನ ತೋಟದ ಹಣ್ಣು, ಅರ್ಧ ಬುಟ್ಟಿಗಿಂತ ಹೆಚ್ಚು, ಐದು ಗ್ಯಾಲನ್ನಿನ ಕುಡಿಯುವ ನೀರಿನ ಕ್ಯಾನಿನ ಪಾಲಾಯಿತು. ಕ್ಯಾನು ನಾವು ಬಳಸದ ಚಿಕ್ಕ ಬಚ್ಚಲುಮನೆಯ ಟಬ್ಬಿನಲ್ಲಿ ಕೂತಿತು.

ಅಬ್ಬಾ, ಆಮೇಲಿನ ದಿನಗಳು! ಎರಡನೆಯ ದಿನ ಏನೂ ಇಲ್ಲ. ಮೂರನೆಯ ದಿನ ನೊರೆ. ನಾಲ್ಕನೆಯ ದಿನ ಅತ್ತೆ ನನ್ನನ್ನು ಕರೆದು, "ಕಿವಿ ಇಡಿ" ಎಂದರು. ಇಟ್ಟೆ. ಒಳಗೆ ಸಣ್ಣಗೆ ಬುಳುಬುಳು, ಚಿಟಿಚಿಟಿ. ಯಾರೂ ಮುಟ್ಟದೆ, ಯಾರೂ ಊದದೆ, ಒಂದು ಹಣ್ಣು ತನ್ನಷ್ಟಕ್ಕೆ ಮಾತಾಡುತ್ತಿದೆ! ನಾನು ಮಂಡಿಯೂರಿ ಕೂತು ಮಗುವಿನ ಹಾಗೆ ನಕ್ಕೆ. ಆಫೀಸಿನಿಂದ ಮಧ್ಯಾಹ್ನ ಊಟದ ನೆಪದಲ್ಲಿ ಓಡಿ ಬರತೊಡಗಿದೆ. ಬಂದವನು ಮೊದಲು ತೊಟ್ಟಿಲಿಗೆ ಹೋಗುತ್ತಿದ್ದೆನೋ ಟಬ್ಬಿಗೋ ಎಂದು ಪ್ರತಿಮಾಳನ್ನು ಮಾತ್ರ ಕೇಳಬೇಡಿ.

ಓದಿನ ಹುಚ್ಚೂ ಹಿಡಿಯಿತು. ಭಟ್ಟಿ ಇಳಿಸುವ ಪಾತ್ರೆಗೆ ಜಗತ್ತು ಇಟ್ಟ ಅಲೆಂಬಿಕ್ ಎಂಬ ಹೆಸರು ಅರಬ್ಬಿಯ ಅಲ್-ಅಂಬೀಕ್‌ನಿಂದ ಬಂದದ್ದಂತೆ. ಗುಲಾಬಿಯ ಪನ್ನೀರು ಇಳಿಸುವ ವಿದ್ಯೆಯನ್ನು ಬೆಳೆಸಿದವರು ಈ ಭಾಷೆಯವರೇ. ಆಲ್ಕೋಹಾಲ್ ಎಂಬ ಶಬ್ದವೂ ಅಲ್-ಕುಹ್ಲ್ ಎಂಬುದರಿಂದ ಹುಟ್ಟಿದ್ದು, ಅದರ ಅರ್ಥ ಕಣ್ಣಿಗೆ ಹಚ್ಚುವ ಸುರ್ಮಾ. ಅಂದರೆ ಅತ್ತೆ ಮೊಮ್ಮಗಳ ಕಣ್ಣಿಗೆ ತೀಡುತ್ತಿದ್ದ ಕಾಡಿಗೆಯೂ ಟಬ್ಬಿನಲ್ಲಿ ಕೂತ ಕ್ಯಾನೂ ಶಬ್ದದ ಲೆಕ್ಕದಲ್ಲಿ ನೆಂಟರು! ಇದನ್ನು ಕಂಡುಹಿಡಿದ ಸಂತೋಷಕ್ಕೆ ನಾನು ದೇರಾದ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಏಸಿ ರಿಪೇರಿಗೆಂದು ಸುಳ್ಳು ಹೇಳಿ, ಹಬೆ ಇಳಿಸಲು ತಾಮ್ರದ ನಳಿಗೆಯ ಸುರುಳಿಯೊಂದನ್ನು ಕೊಂಡುತಂದೆ. ಕುಕ್ಕರಿಗೆ ಜೋಡಿಸುವ ಯೋಜನೆ ನನ್ನದು. ಶುಕ್ರವಾರ ಮುಹೂರ್ತ ಎಂದು ಅತ್ತೆಯೂ ನಾನೂ ಗುಟ್ಟಿನಲ್ಲಿ ನಿಶ್ಚಯಿಸಿದೆವು.

ಗುರುವಾರ ಬೆಳಗ್ಗೆ ನಾನು ಇನ್ನೂ ಆಫೀಸಿಗೆ ಹೊರಟಿರಲಿಲ್ಲ. ಅತ್ತೆ ಹಾಲಿನಲ್ಲಿ ಕೂತು, ಮಿಂದು ಬಂದ ಪ್ರತಿಮಾಳ ಕೂದಲಿಗೆ ಲೋಬಾನದ ಹೊಗೆ ಹಿಡಿಯುತ್ತಿದ್ದರು. ಅವತ್ತು ಕೆಂಡ ಚೆನ್ನಾಗಿ ಹಿಡಿದಿತ್ತು, ಲೋಬಾನವೂ ಒಂದು ಹಿಡಿ ಹೆಚ್ಚೇ ಬಿತ್ತು. ಇದ್ದಕ್ಕಿದ್ದಂತೆ ಚಾವಣಿಯ ಅಲಾರಂ ಕಿಟಾರನೆ ಕಿರುಚತೊಡಗಿತು. ಎರಡೇ ನಿಮಿಷಕ್ಕೆ ಬಾಗಿಲು ದಬದಬ. "ಖೋಲೋ ಭಾಯ್, ಖೋಲೋ!" ನಮ್ಮ ಕಟ್ಟಡದ ವಾಚ್‌ಮನ್ ಪಠಾಣ.

ಹೊಗೆಯ ಗಂಟೆ ಹೊಗೆಗೆ ಹೊಡೆಯುತ್ತದೆ ಎಂಬ ಸಾದಾ ವಿಷಯ ನನ್ನ ತಲೆಗೆ ಹೋಗಬೇಕಲ್ಲ! ನನ್ನ ತಲೆಯಲ್ಲಿದ್ದದ್ದು ಕ್ಯಾನು ಒಂದೇ. ಪೊಲೀಸರು ಬಂದರು, ಖಲಾಸ್, ವೀಸಾ ರದ್ದು, ಹಸುಗೂಸು ಹಿಡಿದುಕೊಂಡು ವಿಮಾನ. ಬಚ್ಚಲಿಗೆ ಓಡಿ ಕ್ಯಾನನ್ನು ಬೋರಲು ಹಾಕಿದೆ. ಐದು ಗ್ಯಾಲನ್ನಿನ ಕ್ಯಾನಿನ ಬಾಯಿ ಎಷ್ಟು ಚಿಕ್ಕದು ಎಂಬುದು ಗಡಿಬಿಡಿಯಲ್ಲಿ ಖಾಲಿ ಮಾಡಿದವನಿಗೇ ಗೊತ್ತು. ಗುಳುಕ್ ಎನ್ನುತ್ತದೆ, ನಿಲ್ಲುತ್ತದೆ. ಖರ್ಜೂರದ ಮುದ್ದೆ ಬಂದು ಕುತ್ತಿಗೆಗೆ ಸಿಕ್ಕಿಕೊಳ್ಳುತ್ತದೆ. ಬೆರಳು ಹಾಕಿ ಕಿತ್ತೆ, ಅಲ್ಲಾಡಿಸಿದೆ, ಕ್ಯಾನಿನ ಬೆನ್ನಿಗೆ ಗುದ್ದಿದೆ. ಆಚೆ ಅಲಾರಂ, ದಬದಬ, ಮಗುವಿನ ಅಳು, "ಎಂತ ಮಾಡ್ತಿದ್ದೀರಿ, ಬಾಗಿಲು ತೆಗೀರಿ!" ಎಂದು ಪ್ರತಿಮಾಳ ಕೂಗು. ಕೊನೆಯ ತೊಟ್ಟು ಇಳಿದ ಮೇಲೆ ನಲ್ಲಿ ಪೂರ್ತಿ ಬಿಟ್ಟು, ಮೊಣಕೈವರೆಗೆ ಅಂಟು ಹಚ್ಚಿಕೊಂಡು ಹೋಗಿ ಬಾಗಿಲು ತೆಗೆದೆ.

ಪಠಾಣ ಒಳಗೆ ಬಂದ. ಮೂಗು ಅರಳಿಸಿ ಆ ಕಡೆ ಈ ಕಡೆ ನೋಡಿದ. ಧೂಪದ ಪಾತ್ರೆ ಕಂಡಿತು, ತೊಟ್ಟಿಲು ಕಂಡಿತು. "ಅರೇ, ಲೋಬಾನ್! ಬಚ್ಚಾ ಹುವಾ? ಮುಬಾರಕ್ ಹೋ!" ಎಂದು ಮುಖವರಳಿಸಿ, ಸ್ಟೂಲು ಕೇಳಿ ಹತ್ತಿ ಅಲಾರಂ ಬಂದ್ ಮಾಡಿದ. ತೊಟ್ಟಿಲ ಬಳಿ ನಿಂತು ಕೈಯೆತ್ತಿ ಮಗುವಿಗೆ ಒಳ್ಳೆಯದಾಗಲೆಂದು ಬೇಡಿಕೊಂಡು ಹೋದ. ಅಷ್ಟೇ.

ಬಚ್ಚಲಿನಿಂದ ಹುಳಿಸಿಹಿ ಪರಿಮಳ ಹಾಲಿಗೆ ಬರುತ್ತಿತ್ತು. ಅತ್ತೆ ಹೋಗಿ ಖಾಲಿ ಕ್ಯಾನು ನೋಡಿದರು. ಸೊಂಟಕ್ಕೆ ಕೈ ಕೊಟ್ಟು ಬಗ್ಗಿ ಟಬ್ಬು ತೊಳೆಯತೊಡಗಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕುವೈಟಿನಲ್ಲಿ ವೀಸಾ ಕೊಡದವರು ಮಾಡಿದ್ದನ್ನೇ ಇಲ್ಲಿ ಅಳಿಯ ಮಾಡಿದಂತಾಯಿತು.

ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತೆ, ಇನ್ನು ಪ್ರತಿಮಾಳ ಮದ್ದಿಗೆ ಎಂತ ಮಾಡುದು?" ಎಂದು ಕೇಳಿದೆ.

ಅವರು ಹುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಮದ್ದಿಗಾ? ಮದ್ದಿಗೆ ಒಂದು ಚಮಚ ಬೀಳುದು. ಅವಳು ಅದನ್ನೂ ಬೇಡ ಅಂದಾಯ್ತಲ್ಲ, ನರ್ಸು ಹೇಳಿದ ಮೇಲೆ ಮುಗೀತು."

"ಮತ್ತೆ ಐದು ಗ್ಯಾಲನ್ ಯಾರಿಗೆ?"

ಅತ್ತೆ ನಾಚಿದರು. ಅರವತ್ತು ದಾಟಿದ ಹೆಂಗಸು ಹಾಗೆ ನಾಚಿದ್ದನ್ನು ನಾನು ನೋಡಿರಲಿಲ್ಲ. "ಮೀಯಿಸುವವಳಿಗೆ," ಎಂದರು. "ಬೆಳಗಾದ್ರೆ ನೀರು ಹೊತ್ತು ಸೊಂಟ ಬೀಳ್ತದಲ್ಲ, ಸಂಜೆ ಅವಳಿಗೊಂದು ಲೋಟ. ನನ್ನ ಎರಡು ಬಾಣಂತನದಲ್ಲೂ ಅಮ್ಮನಿಗೆ ಇವರೇ, ನಿಮ್ಮ ಮಾವ, ಕೈಯಾರೆ ತಂದು ಕೊಡ್ತಿದ್ದರು. ಬೇರೆ ಯಾವಾಗ ಅಳಿಯ ಅತ್ತೆಗೆ ಲೋಟ ತಂದು ಕೊಡ್ತಾನೆ ಹೇಳಿ? ನನಗೂ ಒಮ್ಮೆ ಅಂತ... ಇರ್ಲಿ ಬಿಡಿ, ಹುಚ್ಚು ನನ್ನದು."

ಹದಿನೆಂಟು ದಿನದಿಂದ ಆ ಹೆಂಗಸು ಐದು ಗಂಟೆಗೆ ಏಳುತ್ತಿದ್ದುದನ್ನು, ಬಕೆಟು ಎತ್ತುತ್ತಿದ್ದುದನ್ನು ಕಣ್ಣಾರೆ ನೋಡಿದ್ದೆ. ನನ್ನ ಕಿವಿ ಮಾತ್ರ ಕ್ಯಾನಿಗೆ ಅಂಟಿಕೊಂಡಿತ್ತು. ಥೂ ನನ್ನ!

ಶುಕ್ರವಾರ, ಶನಿವಾರದ ವಾರದ ರಜೆ ಮುಗಿದು ಭಾನುವಾರ ಆಫೀಸಿಗೆ ಹೋದವನೇ ಪರ್ಮಿಟ್ಟಿನ ಅರ್ಜಿ ತೆಗೆದು, ಜೀವನದಲ್ಲಿ ಮೊದಲ ಸಲ ಅದರ ಮೇಲೆ ನನ್ನ ಹೆಸರು ಬರೆದೆ. ಸಹಿಗೆ ಹೋಗಬೇಕಾದದ್ದು ಯಾರ ಬಳಿ? ಅಬೂ ಸಯೀದರ ಬಳಿಯೇ. ಅವರು ಓದಿ ಕನ್ನಡಕದ ಮೇಲಿಂದ ನೋಡಿದರು.

"ನೀನು ಕುಡಿಯುವವನಲ್ಲವಲ್ಲ?"

"ಅತ್ತೆಗೆ," ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬಾಣಂತನ ಮಾಡಲು ಬಂದಿದ್ದಾರೆ. ನಮ್ಮಲ್ಲಿ ಹಾಗೊಂದು ಕ್ರಮ."

ಅವರು ಪೆನ್ನಿನ ಮುಚ್ಚಳ ತೆಗೆದರು. "ನಿಮ್ಮ ಕ್ರಮ ನಿಮಗೆ. ತಾಯಂದಿರು ದಣಿಯುವುದು ಎಲ್ಲ ಕಡೆ ಒಂದೇ," ಎಂದು ಸಹಿ ಹಾಕಿದರು. ಕಾಗದ ಕೊಡುತ್ತಾ, "ಖರ್ಜೂರ ಹೇಗಿತ್ತಂತೆ?" ಎಂದು ಕೇಳಿದರು.

"ಖಲಾಸ್, ಅಬೂ ಸಯೀದ್. ಒಂದೂ ಉಳಿದಿಲ್ಲ."

ಅವರಿಗೆ ಬಹಳ ಸಂತೋಷವಾಯಿತು. ಮಾರನೆಯ ದಿನ ಇನ್ನೊಂದು ಬುಟ್ಟಿ ಬಂತು. ಈ ಸಲದ್ದನ್ನು ನಾವು ಹಣ್ಣಾಗಿಯೇ ತಿಂದೆವು.

ಪರ್ಮಿಟ್ ಕೈಗೆ ಬರುವಾಗ ಬಾಣಂತನದ ನಲವತ್ತು ದಿನ ತುಂಬಲು ಮೂರೇ ದಿನ ಬಾಕಿ. ಪರ್ಮಿಟ್ ನನ್ನ ಹೆಸರಿನದು, ಕುಡಿಯುವವರು ಅತ್ತೆ. ಈ ಬಗ್ಗೆ ನಿಯಮ ಏನೆನ್ನುತ್ತದೆ ಎಂದು ನಾನು ಹುಡುಕಲು ಹೋಗಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಸ್ಟೀಲಿನ ಲೋಟದಲ್ಲಿ ಬ್ರಾಂಡಿ ಹಾಕಿ, ಬಿಸಿನೀರು ಬೆರೆಸಿ, ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟೆ. ಅತ್ತೆ ಸೆರಗು ಸರಿಮಾಡಿಕೊಂಡು, ಸೋಫಾದಲ್ಲಿ ಬೆನ್ನು ಒರಗಿಸಿ ಕೂತು, ಲೋಟ ತೆಗೆದುಕೊಂಡರು. ಅವರು ಬೆನ್ನು ಒರಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಂದು ಗುಟುಕು ಕುಡಿದು ಮುಖ ಕಿವಿಚಿದರು.

"ಬಣ್ಣದ ನೀರು. ನಾನು ಹೇಳಿದ್ದೆ ಅಲ್ವಾ?" ಎಂದರು. ಹಾಗೆನ್ನುತ್ತಲೇ ಕಣ್ಣು ಒರೆಸಿಕೊಂಡರು, ಲೋಟವನ್ನು ತಳ ಕಾಣುವವರೆಗೆ ಕುಡಿದರು. ಕುಡಿದು ಮುಗಿಸಿ ಅಭ್ಯಾಸಬಲದಿಂದ ಅದನ್ನು ತೊಳೆಯಲೆಂದು ಎದ್ದರು. ನಾನು ಲೋಟ ಕಸಿದುಕೊಂಡು, "ಕೂತ್ಕೊಳ್ಳಿ ಅತ್ತೆ" ಎಂದೆ. ಆ ಮನೆಯಲ್ಲಿ ನಾನು ತೊಳೆದ ಮೊದಲ ಪಾತ್ರೆ ಅದೇ ಎಂದು ಪ್ರತಿಮಾ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ನಿಜವೇ. ಅದಕ್ಕೆ ಪರ್ಮಿಟ್ಟೂ ಬೇಕಿರಲಿಲ್ಲ, ಯಾರ ಸಹಿಯೂ ಬೇಕಿರಲಿಲ್ಲ, ಮೊದಲ ದಿನವೇ ಮಾಡಬಹುದಿತ್ತು.