ಇಬ್ಬರ ಟೆಂಟಿನಲ್ಲಿ ಒಬ್ಬಳು

ಪೆರು ದೇಶದ ಬೆಟ್ಟಗಳಲ್ಲಿ ನಾಲ್ಕು ದಿನ ನಡೆದು, ಇಂಕಾ ಜನ ಕಟ್ಟಿ ಬಿಟ್ಟುಹೋದ ಮಾಚು ಪಿಚು ತಲುಪಬೇಕೆಂಬ ಆಸೆ ಹುಟ್ಟಿದ್ದು ನನಗಲ್ಲ, ನನ್ನ ಗಂಡನಿಗೆ. ಒಂದು ರಜೆಯ ದಿನ ಟೀವಿಯಲ್ಲಿ ಆ ಊರನ್ನು ತೋರಿಸುತ್ತಿದ್ದರು. ಊಟದ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಅವರು ಕೂಗಿದರು: "ಏ, ಬಾರೇ ಇಲ್ಲಿ. ಕಲ್ಲಿಗೆ ಕಲ್ಲು ಹೆಂಗೆ ಕೂರಿಸಿದಾರೆ ನೋಡು. ಮಧ್ಯೆ ಗಾರೆನೇ ಇಲ್ಲ!"

ಆಗ ನಾವು ಕತಾರಿನ ದೋಹಾದಲ್ಲಿ, ನಜ್ಮಾ ಎಂಬ ಬಡಾವಣೆಯಲ್ಲಿದ್ದೆವು. ಕೆಳಗೆ ದರ್ಜಿ ಅಂಗಡಿ, ಪಕ್ಕದಲ್ಲಿ ಚಹಾ ಪರೋಟ ಮಾರುವ ಕೆಫೆಟೇರಿಯಾ, ಎರಡನೆಯ ಮಹಡಿಯಲ್ಲಿ ನಮ್ಮ ಮನೆ. ನನಗೆ ಮೂವತ್ತೆಂಟು ವರ್ಷ, ಅವರಿಗೆ ನಲವತ್ತನಾಲ್ಕು. ಮಕ್ಕಳಿರಲಿಲ್ಲ. ಅವರು ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಆಪರೇಟರ್. ಕೆಲವು ದಿನ ಹಗಲು ಪಾಳಿ, ಕೆಲವು ದಿನ ರಾತ್ರಿ ಪಾಳಿ, ಹನ್ನೆರಡು ಗಂಟೆ ಕೆಲಸ, ಹೋಗಿಬರಲು ಬಸ್ಸಿನಲ್ಲಿ ಮೂರು ಗಂಟೆ. ರಾತ್ರಿ ಪಾಳಿ ಮುಗಿಸಿ ಬಂದು ಅವರು ಹಗಲು ಮಲಗಲೆಂದು ಕೋಣೆಯ ಕಿಟಕಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ್ದೆವು. ಆ ದಿನಗಳಲ್ಲಿ ನಾನು ಕುಕ್ಕರ್ ಇಡುತ್ತಿರಲಿಲ್ಲ. ಸೀಟಿಗೆ ಅವರಿಗೆ ಎಚ್ಚರವಾಗುತ್ತಿತ್ತು. ಮಿಕ್ಸಿ ಇಲ್ಲ, ಟೀವಿ ಇಲ್ಲ. ಫೋನ್ ಬಂದರೆ ಬಚ್ಚಲಮನೆಗೆ ಹೋಗಿ ಪಿಸುಮಾತಿನಲ್ಲಿ ಮಾತಾಡುತ್ತಿದ್ದೆ. ಮೈಸೂರಿನಲ್ಲಿ ಕಾಲೇಜಿನ ಲೈಬ್ರರಿಯಲ್ಲಿ ಏಳು ವರ್ಷ ಕೆಲಸ ಮಾಡಿದ್ದವಳು ನಾನು. ಸದ್ದು ಮಾಡದೆ ಇರುವುದು ನನಗೆ ಹೊಸದಾಗಿರಲಿಲ್ಲ. ಆದರೆ ಅಲ್ಲಿ ಸುತ್ತ ಜನರಿರುತ್ತಿದ್ದರು.

ಇಂಕಾ ದಾರಿಯಲ್ಲಿ ನಮ್ಮಷ್ಟಕ್ಕೆ ನಾವು ನಡೆಯುವಂತಿರಲಿಲ್ಲ. ಗೈಡ್ ಜೊತೆಗೇ ಹೋಗಬೇಕು, ತಿಂಗಳುಗಟ್ಟಲೆ ಮೊದಲೇ ಪರ್ಮಿಟ್ ತೆಗೆಸಬೇಕು. ಅದರಲ್ಲಿ ಹೆಸರು, ಪಾಸ್‌ಪೋರ್ಟ್ ನಂಬರ್ ಇರುತ್ತದೆ; ಒಬ್ಬರ ಬದಲು ಇನ್ನೊಬ್ಬರು ಹೋಗುವಂತಿಲ್ಲ. ಮೇ ತಿಂಗಳಿಗೆ ಎರಡು ಪರ್ಮಿಟ್ ಸಿಕ್ಕಿತು. ಅಂದಿನಿಂದ ತಯಾರಿ ಶುರುವಾಯಿತು. ಕತಾರಿನಲ್ಲಿ ಬೆಟ್ಟ ಎಲ್ಲಿಂದ ತರುವುದು? ಇದ್ದದ್ದು ನಮ್ಮ ಕಟ್ಟಡದ ಮೆಟ್ಟಿಲು. ಬೆನ್ನಚೀಲದಲ್ಲಿ ಐದು ಕಿಲೋ ಬಾಸ್ಮತಿ ಅಕ್ಕಿಯ ಪೊಟ್ಟಣ ಇಟ್ಟುಕೊಂಡು ಕೆಳಗಿನಿಂದ ತಾರಸಿಯವರೆಗೆ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಎದುರು ಮನೆಯ ಮಂಗಳೂರಿನ ಅಕ್ಕ ಒಂದು ಸಂಜೆ ಬಾಗಿಲಲ್ಲಿ ನಿಂತು ನೋಡಿದರು.

"ಎಂತ ಮಾರಾಯ್ತಿ, ನಿಮಗೆ ಗಂಡ ಹೆಂಡತಿಗೆ ತಲೆ ಸರಿ ಉಂಟಾ? ಲಿಫ್ಟ್ ಇಲ್ಲ ಅಂತ ನಾವು ಬೊಬ್ಬೆ ಹೊಡೀತಾ ಇದ್ದೇವೆ, ನೀವು ಅಕ್ಕಿ ಹೊತ್ತುಕೊಂಡು ಮೆಟ್ಲು ಹತ್ತುದಾ?"

ನನ್ನ ಗಂಡ ಏದುಸಿರು ಬಿಡುತ್ತಲೇ ನಕ್ಕರು. "ಹದಿನಾಲ್ಕನೇ ಸಲ ಅಕ್ಕ. ಇನ್ನೂ ಆರು ಬಾಕಿ."

ಆ ಮೂರು ತಿಂಗಳಲ್ಲಿ ನಾವು ಆ ಮೆಟ್ಟಿಲುಗಳ ಮೇಲೆ ಮಾತಾಡಿದಷ್ಟು ಅದರ ಹಿಂದಿನ ಮೂರು ವರ್ಷಗಳಲ್ಲಿ ಮಾತಾಡಿರಲಿಲ್ಲ. ತಾರಸಿಯಲ್ಲಿ ನೀರಿನ ಟ್ಯಾಂಕುಗಳ ನಡುವೆ ಕೂತು ಬೆವರು ಒರೆಸಿಕೊಳ್ಳುತ್ತಾ ಅವರು ಚಿಕ್ಕವರಿದ್ದಾಗ ಚಾಮುಂಡಿ ಬೆಟ್ಟ ಹತ್ತಿದ ಕತೆಗಳನ್ನೆಲ್ಲ ಹೇಳುತ್ತಿದ್ದರು. ಅದರಲ್ಲಿ ಅರ್ಧ ನನಗೆ ಗೊತ್ತೇ ಇರಲಿಲ್ಲ.

ಹೊರಡಲು ಮೂರು ವಾರ ಇರುವಾಗ ಅವರು ಒಂದು ಸಂಜೆ ಕೆಲಸದಿಂದ ಬಂದು, ಬೂಟು ಕೂಡ ಬಿಚ್ಚದೆ ಸೋಫಾದ ತುದಿಯಲ್ಲಿ ಕೂತರು.

"ರಜಾ ಕ್ಯಾನ್ಸಲ್ ಆಯ್ತು ಕಣೇ. ಶಟ್‌ಡೌನ್ ಮುಂಚೇನೇ ತಗೋತಿದಾರೆ. ಯಾರಿಗೂ ರಜಾ ಮಾಫಿ." ಮಾಫಿ ಅಂದರೆ ಅಲ್ಲಿನ ಅರಬಿಯಲ್ಲಿ 'ಇಲ್ಲ'.

ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಪ್ಲಾಂಟನ್ನು ಪೂರ್ತಿ ನಿಲ್ಲಿಸಿ ರಿಪೇರಿ ಮಾಡುತ್ತಾರೆ. ಆಗ ಯಾರನ್ನೂ ಬಿಡುವುದಿಲ್ಲ ಎಂಬುದು ನನಗೂ ಗೊತ್ತಿತ್ತು.

"ಹೋಗಲಿ ಬಿಡಿ. ಮುಂದಿನ ವರ್ಷ ನೋಡೋಣ," ಅಂದೆ.

"ನೀನು ಹೋಗು."

"ಒಬ್ಬಳೇನಾ?"

"ಗ್ರೂಪ್ ಇರುತ್ತೆ, ಗೈಡ್ ಇರ್ತಾನೆ. ಇಷ್ಟು ತಯಾರಿ ಮಾಡ್ಕೊಂಡಿದೀಯ. ಇಬ್ಬರದೂ ಯಾಕೆ ದಂಡ ಆಗ್ಬೇಕು?"

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅಷ್ಟು ಸಲೀಸಾಗಿ ಹೇಳಿದರಲ್ಲ ಎಂದು ನನಗೆ ಸಿಟ್ಟು ಬಂತು. ಬೇಡ, ನೀವಿಲ್ಲದೆ ಹೋಗಲಾರೆ ಎನ್ನಬಹುದಿತ್ತು. ಅನ್ನಲಿಲ್ಲ. "ಆಯ್ತು, ಹೋಗ್ತೀನಿ," ಅಂದೆ. ನಾನು ಅಲ್ಲಿಗೆ ಹೋದದ್ದು ಧೈರ್ಯದಿಂದಲ್ಲ, ಆ ಸಿಟ್ಟಿನಿಂದ.

ಕುಸ್ಕೊ ಊರಿನಲ್ಲಿ ಎತ್ತರದ ಗಾಳಿಗೆ ಒಗ್ಗಿಕೊಳ್ಳಲೆಂದು ಎರಡು ದಿನ ಉಳಿದೆವು. ನಮ್ಮ ತಂಡದಲ್ಲಿ ಮೂರು ಜೋಡಿ ಮತ್ತು ನಾನು. ಮೂರೂ ಜೋಡಿ ಯುರೋಪಿನವರು, ಸಭ್ಯರು. ಗೈಡ್ ಐವತ್ತರ ಹತ್ತಿರದ ಗಿಡ್ಡ ಮನುಷ್ಯ, ಆ ಬೆಟ್ಟಗಳಲ್ಲೇ ಹುಟ್ಟಿದವನು. ಅವನ ಇಂಗ್ಲಿಷು ನನ್ನ ಇಂಗ್ಲಿಷಿನ ಹಾಗೆಯೇ ಶಾಲೆಯಲ್ಲಿ ಕಲಿತದ್ದು. ಹಾಗಾಗಿ ಒಬ್ಬರದು ಒಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ನಡಿಗೆ ಶುರುವಾಗುವಲ್ಲಿ ಒಂದು ಚೌಕಿ. ಅಲ್ಲಿನ ಅಧಿಕಾರಿ ಪಾಸ್‌ಪೋರ್ಟ್ ನೋಡಿ, ಪಟ್ಟಿಯಲ್ಲಿ ನನ್ನ ಹೆಸರಿಗೆ ಗುರುತು ಹಾಕಿದ. ಅದರ ಕೆಳಗೆ ನನ್ನ ಗಂಡನ ಹೆಸರಿತ್ತು. ಅವನು ತಲೆಯೆತ್ತಿ ನನ್ನ ಹಿಂದೆ ನೋಡಿದ.

"ಇವರು ಬಂದಿಲ್ಲ," ಅಂದ ಗೈಡ್.

ಅಧಿಕಾರಿ ಅಡಿಪಟ್ಟಿ ಇಟ್ಟು ಆ ಹೆಸರಿನ ಮೇಲೆ ನೇರವಾಗಿ ಒಂದು ಗೆರೆ ಎಳೆದ. ಅವನದು ಶಿಸ್ತಿನ ಕೆಲಸ, ಅಷ್ಟೆ. ಆದರೂ ಹೊಳೆಯ ಮೇಲಿನ ಸೇತುವೆ ದಾಟುವಾಗ ಆ ಗೆರೆ ನನ್ನ ಕಣ್ಣೆದುರೇ ಇತ್ತು.

ಮೊದಲ ದಿನದ ದಾರಿ ಸುಲಭವಾಗಿತ್ತು. ಸಂಜೆ ತಂಗುವ ಜಾಗ ತಲುಪಿದಾಗ ಹೊರೆಯಾಳುಗಳು ಟೆಂಟುಗಳನ್ನು ನಿಲ್ಲಿಸಿಯಾಗಿತ್ತು. ಎಲ್ಲವೂ ಇಬ್ಬರಿಗೆ ಹೊಂದುವ ಟೆಂಟುಗಳು. ನನ್ನದರ ಒಳಗೆ ಎರಡು ಚಾಪೆ ಹಾಸಿ, ಹೊರಗೆ ಎರಡು ಬೋಗುಣಿಗಳಲ್ಲಿ ಕೈಕಾಲು ತೊಳೆಯಲು ಬಿಸಿನೀರು ಇಟ್ಟಿದ್ದರು. ಒಬ್ಬಳೇ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಒಂದು ಬೋಗುಣಿಯಲ್ಲಿ ಮುಖ ತೊಳೆದೆ, ಇನ್ನೊಂದರಲ್ಲಿ ಕಾಲು ಇಳಿಬಿಟ್ಟು ಕೂತೆ. ಪಕ್ಕದ ಟೆಂಟಿನಿಂದ ಗಂಡ ಹೆಂಡತಿ ಸಣ್ಣಗೆ ಜಗಳವಾಡುವುದು ಕೇಳಿಸುತ್ತಿತ್ತು. ಯಾವ ಭಾಷೆಯೋ ತಿಳಿಯದು. ಯಾರೋ ಏನನ್ನೋ ಮರೆತು ಬಂದಿದ್ದರು ಅಂತ ಕಾಣುತ್ತದೆ. ಆ ಜಗಳ ಕೇಳಿ ನನಗೆ ಹೊಟ್ಟೆಕಿಚ್ಚಾಯಿತು.

ಎರಡನೆಯ ದಿನ ಕಣಿವೆಯ ತಳದಿಂದ ನಾಲ್ಕು ಸಾವಿರದ ಇನ್ನೂರು ಮೀಟರ್ ಎತ್ತರದ ಘಟ್ಟದ ನೆತ್ತಿಯವರೆಗೆ ಏರಬೇಕು. ನಜ್ಮಾದ ಮೆಟ್ಟಿಲು ಇಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ. ಕಾಲು ಸೋತಿರಲಿಲ್ಲ, ಉಸಿರೇ ಸಿಗುತ್ತಿರಲಿಲ್ಲ. ಹತ್ತು ಹೆಜ್ಜೆ ಇಟ್ಟು ನಿಲ್ಲುತ್ತಿದ್ದೆ. ಮೂರು ಜೋಡಿಗಳೂ ಮುಂದೆ ಹೋಗಿ ಕಣ್ಮರೆಯಾದರು. ಹನ್ನೊಂದು ಗಂಟೆಯ ಹೊತ್ತಿಗೆ ಕಲ್ಲಿಗೆ ಒರಗಿ ವಾಂತಿ ಮಾಡಿಕೊಂಡೆ. ಗೈಡ್ ನನ್ನ ಹಿಂದೆಯೇ ಬರುತ್ತಿದ್ದವನು ಪಕ್ಕದಲ್ಲಿ ಕೂತು ಬಾಟಲಿಯಿಂದ ಕೋಕಾ ಎಲೆಯ ಕಷಾಯ ಕೊಟ್ಟ. ಸರಿಯಾಗಿ ಬೇಯದ ಹಸಿರು ಸೊಪ್ಪಿನ ರುಚಿ.

"ತಲೆನೋವು ಇದೆಯಾ? ಮಂಜು ಮಂಜಾಗಿ ಕಾಣುತ್ತಾ?" ಎಂದು ಕೇಳಿ, ನನ್ನ ಕಣ್ಣನ್ನೇ ನೋಡಿದ. "ಇಲ್ಲಿಂದ ವಾಪಸ್ ಹೋಗಬಹುದು. ಜೊತೆಗೆ ಒಬ್ಬನನ್ನು ಕಳಿಸ್ತೀನಿ. ಘಟ್ಟ ದಾಟಿದ ಮೇಲೆ ವಾಪಸ್ ಅನ್ನೋದಿಲ್ಲ. ನಿಧಾನಕ್ಕೆ ಯೋಚಿಸಿ ಹೇಳಿ."

ಯೋಚಿಸಿದೆ. ವಾಪಸ್ ಹೋದರೆ ಯಾರೂ ಬೈಯುವವರಿಲ್ಲ. ಅವರು "ಹೋಗ್ಲಿ ಬಿಡು, ಆರೋಗ್ಯ ಮುಖ್ಯ" ಅನ್ನುತ್ತಾರೆ. ಮತ್ತೆ ಅದೇ ಮನೆ, ಅದೇ ಪಿಸುಮಾತು. ಇದೆಲ್ಲ ತಲೆಯಲ್ಲಿ ಓಡುತ್ತಿರುವಾಗ, ಯಾಕೋ ಗೊತ್ತಿಲ್ಲ, ಅವನನ್ನು ಕೇಳಿದೆ: "ನಿಮ್ಮ ಹೆಂಡತಿ ಎಲ್ಲಿದ್ದಾರೆ?"

"ಊರಲ್ಲಿ. ಹದಿನೈದು ವರ್ಷ ಹೊರೆ ಹೊತ್ತೆ, ಆಮೇಲೆ ಗೈಡ್ ಆದೆ. ಜನ ಬರೋ ಈ ಕಾಲದಲ್ಲಿ ತಿಂಗಳಿಗೆ ನಾಲ್ಕೈದು ದಿನ ಮನೆ."

"ಅವರಿಗೆ ಬೇಸರ ಆಗಲ್ವಾ?"

ಅವನು ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತ. "ನಾನು ಕೇಳಿಲ್ಲ," ಅಂದ. "ಕೇಳಿದರೆ ಹೇಳಿಬಿಡ್ತಾಳೆ."

ನಾನು ಎದ್ದು ನಿಂತು, "ಮೇಲಕ್ಕೆ ಹೋಗೋಣ," ಅಂದೆ.

ಘಟ್ಟದ ನೆತ್ತಿ ತಲುಪಿದಾಗ ಮಧ್ಯಾಹ್ನ ಎರಡಾಗಿತ್ತು. ಗಾಳಿ ಕಿವಿ ಕಿತ್ತುಹೋಗುವ ಹಾಗೆ ಬೀಸುತ್ತಿತ್ತು. ಉಳಿದವರು ಚಳಿ ತಾಳಲಾರದೆ ಆಚೆ ಬದಿಗೆ ಇಳಿದು ಹೋಗಿದ್ದರು. ಹತ್ತಿ ಬಂದ ದಾರಿ ಕೆಳಗೆ ನೂಲಿನ ಹಾಗೆ ಕಾಣುತ್ತಿತ್ತು. ನಾನು ಕಲ್ಲಿನ ಮೇಲೆ ಕೂತು ಕಿಸೆಯಲ್ಲಿದ್ದ ಕಡಲೆಬೀಜ ತಿಂದೆ. ಜೋರಾಗಿ ಕೆಮ್ಮಿದೆ. ಆಮೇಲೆ ಸುಮ್ಮನೆ, ಸದ್ದು ಹೇಗೆ ಕೇಳುತ್ತದೆಂದು ನೋಡಲು, ಕೂಗಿದೆ. ದೋಹಾಕ್ಕೆ ಬಂದ ಮೇಲೆ ನಾನು ಹಾಗೆ ಕೂಗಿದ್ದು ಅದೇ ಮೊದಲು. ಗೈಡ್ ಬೆಚ್ಚಿಬಿದ್ದು ತಿರುಗಿ ನೋಡಿ, ಆಮೇಲೆ ತಾನೂ ಒಂದು ಕೂಗು ಹಾಕಿದ.

ಇಳಿಯಲು ಶುರುಮಾಡಿ ಅರ್ಧ ಗಂಟೆಯಾದ ಮೇಲೆ ನನಗೆ ಹೊಳೆಯಿತು: ಅಷ್ಟು ಹೊತ್ತು ಮೇಲೆ ಕೂತಿದ್ದರೂ ಗಂಡನ ನೆನಪು ಒಂದು ಸಲವೂ ಬಂದಿರಲಿಲ್ಲ. ಇಬ್ಬರೂ ಸೇರಿ ನೋಡಬೇಕೆಂದಿದ್ದ ಜಾಗ ಅದು. ಕಲ್ಲಿನ ಮೆಟ್ಟಿಲುಗಳ ಮೇಲೆ ನಿಂತು ಅತ್ತೆ. ಅವರ ನೆನಪಿನಿಂದ ಅಲ್ಲ, ನೆನಪಾಗಲಿಲ್ಲವಲ್ಲ ಎಂದು.

ನಾಲ್ಕನೆಯ ದಿನ ಬೆಳಿಗ್ಗೆ ಸೂರ್ಯದ್ವಾರ ಎಂಬ ಕಲ್ಲಿನ ಬಾಗಿಲಿಗೆ ಬಂದೆವು. ಅಲ್ಲಿಂದ ಊರು ಕಾಣಬೇಕು. ಕಂಡದ್ದು ಬರೀ ಮಂಜು. ಮುಕ್ಕಾಲು ಗಂಟೆ ಕಾದ ಮೇಲೆ ಬಟ್ಟೆ ಸರಿಸಿದಂತೆ ಒಂದು ಮೂಲೆ ತೆರೆಯಿತು: ಮೊದಲು ಹಸಿರು ಮೆಟ್ಟಿಲು ಗದ್ದೆಗಳು, ಆಮೇಲೆ ಸೂರಿಲ್ಲದ ಮನೆಗಳ ಸಾಲು. ಜೋಡಿಗಳು ತಬ್ಬಿಕೊಂಡರು. ಒಬ್ಬಾಕೆ ಕ್ಯಾಮೆರಾ ಕೊಟ್ಟು ಫೋಟೋ ತೆಗೆಯಲು ಕೇಳಿದಳು. ಮೂರೂ ಜೋಡಿಗಳಿಗೆ ತೆಗೆದುಕೊಟ್ಟೆ. ನನ್ನದನ್ನು ಗೈಡ್ ತೆಗೆದ.

ಕೆಳಗಿಳಿದು ಆ ಮನೆಗಳ ನಡುವೆ ನಡೆದೆವು. ಗೋಡೆಗಳಲ್ಲಿ ಗೂಡುಗಳಿದ್ದವು, ನೀರು ಈಗಲೂ ಕಲ್ಲಿನ ಕಾಲುವೆಯಲ್ಲಿ ಹರಿಯುತ್ತಿತ್ತು. ನಮ್ಮವರು ಹೇಳಿದ್ದು ನಿಜ. ಕಲ್ಲುಗಳ ಸಂದಿನಲ್ಲಿ ಉಗುರೂ ಹೋಗುವುದಿಲ್ಲ. ಒಂದು ಗೋಡೆಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತೆ. ಗೈಡ್ ಬಂದು ಹೊರಡೋಣವೇ ಎಂದು ಕೇಳಿದಾಗ ಕೈ ತಣ್ಣಗಾಗಿ ಮರಗಟ್ಟಿತ್ತು.

ರಾತ್ರಿ ಎಂಟರ ಹೊತ್ತಿಗೆ ಕೆಳಗಿನ ಪೇಟೆಯ ಫೋನ್ ಬೂತಿನಿಂದ ಮನೆಗೆ ಫೋನ್ ಮಾಡಿದೆ. ದೋಹಾದಲ್ಲಿ ಬೆಳಗಿನ ಜಾವ, ಅವರು ಬಸ್ಸಿಗೆ ಹೊರಡುವ ಹೊತ್ತು.

"ತಲುಪಿದ್ಯಾ?"

"ತಲುಪಿದೆ."

"ಹೆಂಗಿದೆ?"

"ಚೆನ್ನಾಗಿದೆ ರೀ."

"ಸರಿ, ಬಸ್ ಬಂತು," ಅಂದರು.

ವಾಪಸ್ ಬಂದ ಮೇಲೆ ಅವರಿಗೆ ಬಿಡುವು ಸಿಕ್ಕಲು ಒಂದು ವಾರವಾಯಿತು. ಶಟ್‌ಡೌನ್ ಮುಗಿದ ಮಾರನೆಯ ದಿನ ಮಧ್ಯಾಹ್ನ ಊಟದ ಮೇಜಿನ ಮೇಲೆ ಫೋಟೋಗಳನ್ನು ಹರಡಿಕೊಂಡು ಕೂತರು. ಒಂದೊಂದನ್ನೂ ಎತ್ತಿ ಕೇಳಿದರು. ನಾನು ಹೇಳುತ್ತಾ ಹೋದೆ. ಘಟ್ಟದ ನೆತ್ತಿಯ ಫೋಟೋ ಬಂದಾಗ ನಿಲ್ಲಿಸಿದೆ.

"ಒಂದು ವಿಷಯ ಹೇಳ್ತೀನಿ. ಬೇಜಾರು ಮಾಡ್ಕೋಬೇಡಿ. ಇಲ್ಲಿ ಕೂತಿದ್ದಾಗ ನಿಮ್ಮ ನೆನಪೇ ಬರ್ಲಿಲ್ಲ."

ಅವರು ಫೋಟೋವನ್ನು ಕೆಳಗಿಡಲಿಲ್ಲ. ಸಿಟ್ಟಾಗುತ್ತಾರೆ ಅಂದುಕೊಂಡೆ, ಇಲ್ಲವೇ ನಗುತ್ತಾರೆ ಅಂದುಕೊಂಡೆ. ಅದನ್ನು ಹಿಡಿದುಕೊಂಡೇ ಹೇಳಿದರು.

"ನೀನಿಲ್ಲದಾಗ ನಂಗೆ ಒಂದು ದಿನ ಆಫ್ ಸಿಕ್ತು. ಬೆಳಿಗ್ಗೆ ಎದ್ದೆ. ಕಾಫಿ ಕುಡಿದೆ. ಸ್ನಾನ ಆಯ್ತು. ಗಡಿಯಾರ ನೋಡಿದ್ರೆ ಒಂಬತ್ತೂವರೆ. ಆಮೇಲೆ ಏನು ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ. ಸಾಯಂಕಾಲ ಆಗೋ ಹೊತ್ತಿಗೆ ಗೋಡೆಗಳೆಲ್ಲ ಹತ್ರ ಬಂದ ಹಾಗಾಯ್ತು." ನನ್ನ ಮುಖ ನೋಡಿದರು. "ಇಷ್ಟು ವರ್ಷ ಈ ಮನೇಲಿ ನೀನು ಏನು ಮಾಡ್ತಿದ್ದೆ?"

ಅದು ಆಪಾದನೆಯಾಗಿರಲಿಲ್ಲ. ನಿಜವಾಗಿ ಗೊತ್ತಿಲ್ಲದೆ ಕೇಳಿದ್ದು. ಫೋಟೋಗಳನ್ನು ಒಟ್ಟುಮಾಡಿ ಬದಿಗಿಟ್ಟೆ. ಆಮೇಲೆ ಹೇಳಿದೆ. ಹತ್ತು ಗಂಟೆಯಿಂದ ಹನ್ನೆರಡರವರೆಗೆ ಏನು, ಮಧ್ಯಾಹ್ನ ಏನು, ಬಿಸಿಲು ಇಳಿದ ಮೇಲೆ ಕೆಳಗಿನ ಅಂಗಡಿಗೆ ಒಂದೇ ಒಂದು ನಿಂಬೆಹಣ್ಣು ತರಲು ಹೋಗಿ, ಇನ್ನೊಂದಕ್ಕೆಂದು ಮತ್ತೆ ಹೋಗುತ್ತಿದ್ದುದು ಯಾಕೆ, ಎಲ್ಲ. ಬೆಟ್ಟದ ಕತೆಗಿಂತ ಅದು ಉದ್ದವಾಯಿತು. ಅವರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

ಅದರಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವರ ಪಾಳಿ ಬದಲಾಗಲಿಲ್ಲ. ಇನ್ನೂ ನಾಲ್ಕು ವರ್ಷ ಅದೇ ಬಸ್ಸು, ಅದೇ ಹೊತ್ತು. ಆ ಸೆಪ್ಟೆಂಬರಿನಲ್ಲಿ ನಾನು ಒಂದು ಶಾಲೆಯ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದೆ. ಅರ್ಜಿ ತುಂಬುವಾಗ ಅವರೂ ಜೊತೆಗೆ ಕೂತಿದ್ದರು. ಮೊದಲ ದಿನ ಕೆಲಸ ಮುಗಿಸಿ ಬಂದು ಬೀಗ ತೆಗೆದಾಗ ಮನೆ ಎಂದಿನಂತೆ ಖಾಲಿಯಾಗಿತ್ತು. ಮೇಜಿನ ಮೇಲೆ ಅವರು ಒಂದು ಚೀಟಿ ಬರೆದಿಟ್ಟು ಹೋಗಿದ್ದರು: "ಹೆಂಗಿತ್ತು? ರಾತ್ರಿ ಹನ್ನೊಂದಕ್ಕೆ ಬ್ರೇಕ್. ಎದ್ದಿದ್ರೆ ಫೋನ್ ಮಾಡು." ನಾನು ಎದ್ದಿರಲಿಲ್ಲ. ದಣಿದು ನಿದ್ದೆ ಹೋಗಿಬಿಟ್ಟಿದ್ದೆ.