ಶಾರದಾಬಾಯಿಯವರ ಕಬಡ್ಡಿ ಪಾಠ

ಶಾರದಾಬಾಯಿ ನಮ್ಮ ಶಾಲೆಯ ಆಟದ ಟೀಚರು. ನಾರಾಯಣಗೂಡದ ಆ ಕನ್ನಡ ಶಾಲೆಯಲ್ಲಿ ನಾನು ಭಾಷೆ ಕಲಿಸುತ್ತಿದ್ದೆ, ಅವರು ಮಕ್ಕಳನ್ನು ಓಡಿಸುತ್ತಿದ್ದರು. ಮನೆತನ ಬೀದರಿನದಾದರೂ ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದಿನಲ್ಲೇ. ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸೀಟಿ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ "ಟೈಮ್ ಸಿಗಲಿಲ್ರಿ" ಎಂದು ಸೀಟಿ ಊದಿಬಿಡುತ್ತಿದ್ದರು. ಕಾಲೇಜಿನ ಖೋಖೋ ತಂಡದಲ್ಲಿ ಹುಡುಗಿಯರಿಗೆ ಹುಡುಗರು ಹಾಕಿ ಬಿಟ್ಟ ಬೂಟುಗಳೇ ಗತಿಯಂತೆ. ತುದಿಗೆ ಬಟ್ಟೆ ತುರುಕಿಕೊಂಡು ಓಡುತ್ತಿದ್ದರಂತೆ. ಆ ಸಿಟ್ಟು ಅವರಲ್ಲಿ ಕೊನೆಯವರೆಗೂ ಆರಲಿಲ್ಲ. ಯಾಕೆ ಆರಬೇಕು?

ಊರಿಗೆಲ್ಲ ಕಂಪ್ಯೂಟರ್ ಜ್ವರ ಹತ್ತಿದ ಕಾಲ ಅದು. ಹೆಡ್‌ಮಾಸ್ಟರ್ ಅಮರೇಶಪ್ಪನವರು ಮೈದಾನದ ಅರ್ಧ ನುಂಗಿ ಕಂಪ್ಯೂಟರ್ ಕೋಣೆ ಕಟ್ಟಿಸಿದರು. ಉಳಿದರ್ಧ ಹುಡುಗರ ಕ್ರಿಕೆಟ್ಟಿಗೆ. ಹುಡುಗಿಯರು ನೀರಿನ ಟಾಕಿಯ ಪಕ್ಕದ ಸಂದಿಯಲ್ಲಿ ಹಗ್ಗ ಜಿಗಿಯಬೇಕು. "ಹೆಣ್ಣಮಕ್ಕಳಿಗೆ ಅಷ್ಟು ಸಾಕ್ರಿ ಬಾಯಾರ" ಎಂದರು ಆ ಮಹಾನುಭಾವರು.

ಮರುದಿನವೇ ಶಾರದಾಬಾಯಿ ಹತ್ತನೇ ತರಗತಿಗೆ ನುಗ್ಗಿ, ಬೋರ್ಡಿನ ಮೇಲೆ ಆಟಗಳ ಹೆಸರು ಬರೆದು, ಯಾವುದು ಯಾರ ಆಟವೆಂದು ಕೇಳಿದರು. ಕ್ರಿಕೆಟ್ಟು, ಕಬಡ್ಡಿ ಗಂಡುಮಕ್ಕಳದು, ರಿಂಗು, ಸ್ಕಿಪ್ಪಿಂಗು ಹೆಣ್ಣುಮಕ್ಕಳದು ಎಂದು ಇಡೀ ತರಗತಿ ಕೂಗಿತು. ಹುಡುಗಿಯರ ದನಿಯೇ ಜೋರು.

"ಯಾರು ಹೇಳ್ಯಾರ ನಿಮಗ? ನಡೀರಿ ಹೊರಗ, ನೋಡೇ ಬಿಡೂಣು" ಎಂದು ಎಲ್ಲರನ್ನೂ ಮೈದಾನಕ್ಕೆ ಎಬ್ಬಿಸಿಕೊಂಡು ಹೋದರು. ಹುಡುಗರು, ಹುಡುಗಿಯರು ಬೆರೆತ ಕಬಡ್ಡಿ.

ಅವರ ಭರವಸೆಯೆಲ್ಲ ಗಂಗಾಳ ಮೇಲೆ. ಹಿಮಾಯತ್‌ನಗರದಲ್ಲಿ ಏಳುತ್ತಿದ್ದ ಕಾಂಪ್ಲೆಕ್ಸಿನ ಹಿಂದೆ, ತಗಡಿನ ಜೋಪಡಿಯಲ್ಲಿ ಅವಳ ಮನೆ. ಅಪ್ಪ ಲಿಂಗಣ್ಣ ಯಾದಗಿರಿ ಕಡೆಯ ಗಾರೆ ಕೆಲಸದವ. ಗಂಗಾ ಎದುರಾಳಿಯ ಕಾಲು ಹಿಡಿದರೆ ಮುಗಿಯಿತು, ಬಿಡುವ ಮಾತೇ ಇಲ್ಲ. ಮುಂದಿನ ವಾರ ಹುಡುಗಿಯರ ಜಿಲ್ಲಾ ತಂಡದ ಆಯ್ಕೆಯಿತ್ತು. ಆರಿಸಿಕೊಂಡರೆ ಕ್ರೀಡಾ ಹಾಸ್ಟೆಲ್ಲು, ಹೊಟ್ಟೆ ತುಂಬ ಊಟ, ಮುಂದೆ ಕಾಲೇಜು. ಇಟ್ಟಿಗೆ ಬುಟ್ಟಿಯಿಂದ ತಪ್ಪಿಸಿಕೊಳ್ಳಲು ಅವಳಿಗೆ ಬೇರೆ ದಾರಿ ಇರಲಿಲ್ಲ.

ಅದೇ ಜೋಪಡಿಗಳಿಂದ ಬರುತ್ತಿದ್ದ ಇನ್ನೊಬ್ಬ ಚನ್ನು, ಗಂಗಾಳ ಸೋದರತ್ತೆ ಬಂಡೆಮ್ಮನ ಮಗ. ಒಂದೇ ತರಗತಿಯಲ್ಲಿದ್ದರೂ ಇಬ್ಬರೂ ಎದುರಾದರೆ ಮುಖ ತಿರುಗಿಸುತ್ತಿದ್ದರು. ಅವಳ ಬಾಯಲ್ಲಿ ಅವನ ಹೆಸರೇ ಬರುತ್ತಿರಲಿಲ್ಲ. ಹುಡುಗ ಹುಡುಗಿಯರ ಮಾಮೂಲಿ ನಾಚಿಕೆ, ಇದನ್ನೇ ಮೊದಲು ಮುರಿಯಬೇಕು ಎಂದುಕೊಂಡ ಶಾರದಾಬಾಯಿ ಬೇಕೆಂದೇ ಅವರಿಬ್ಬರನ್ನು ಎದುರುಬದುರು ತಂಡಕ್ಕೆ ಹಾಕಿದರು.

ಚನ್ನು ದಮ್ಮು ಕಟ್ಟಿ ಬಂದ. ಮೂಲೆಯಲ್ಲಿದ್ದ ಗಂಗಾ ಹಿಂದೆ ಸರಿದು ಟೀಚರ ಮುಖ ನೋಡಿದಳು.

"ನನ್ನೇನ್ ನೋಡ್ತಿ? ಹಿಡಿಯೇ!"

ಹಿಡಿದಳು. ಹುಡುಗ ಬೋರಲು ಬಿದ್ದ. ಒದ್ದಾಡಿದ, ತೆವಳಿದ, ಮಣ್ಣು ತಿಂದ. ಸೀಟಿ ಊದುವವರೆಗೂ ಅವಳು ಬಿಡಲಿಲ್ಲ. ಹುಡುಗಿಯರು ಕೇಕೆ ಹಾಕಿದರು. ಆಗ ಯಾರೋ ಕಿರುಚಿದರು: "ಹೆಂಡ್ತಿ ಕೈಯಾಗ ಬಿದ್ದಾನಲೇ ಚನ್ನ್ಯಾ!"

ಇಡೀ ಮೈದಾನ ನಕ್ಕಿತು. ತೊಟ್ಟಿಲಲ್ಲೇ ಮದುವೆಯ ಮಾತಾದ ಜೋಡಿ ಅದು, ಮಾತಾದವರು ಹೀಗೆಯೇ ಮುಖ ತಪ್ಪಿಸುತ್ತಾರೆ ಎಂಬುದು ಶಾರದಾಬಾಯಿಗೆ ತಿಳಿದದ್ದು ಆಗಲೇ. ಸೀಟಿ ಅವರ ಬಾಯಲ್ಲೇ ಉಳಿಯಿತು.

ಸಂಜೆಯೊಳಗೆ ಸುದ್ದಿ ಜೋಪಡಿಗಳಿಗೆ ಮುಟ್ಟಿತು. ಮರುದಿನ ಗಂಗಾ ಬರಲಿಲ್ಲ. ಆಮೇಲೂ ಬರಲಿಲ್ಲ. ವಿಚಾರಿಸಿದರೆ, ಲಿಂಗಣ್ಣ ಸಂಸಾರ ಕಟ್ಟಿಕೊಂಡು ಕೊಂಡಾಪುರದ ಕೆಲಸಕ್ಕೆ ಹೋಗಿದ್ದ, ಬಂಡೆಮ್ಮನೂ ಜೊತೆಗೆ. ಆಯ್ಕೆಯ ದಿನ ಬೆಳಿಗ್ಗೆ ಶಾರದಾಬಾಯಿ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದರು. ಸಾಫ್ಟ್‌ವೇರ್ ಮಂದಿಗೆ ಅಪಾರ್ಟ್‌ಮೆಂಟು ಏಳುತ್ತಿದ್ದ ಕಡೆ, ಸಿಮೆಂಟಿನ ದೂಳಿನಲ್ಲಿ ಲಿಂಗಣ್ಣ ಸಿಕ್ಕ.

"ಲಗ್ನದ ಮಾತು ಮುರೀತೀನಂತ ತಂಗಿ ಕುಂತಿದ್ಳ್ರಿ. ಸಾಲಿ ಬಿಡಸೀನಿ, ಆಗ ಒಪ್ಯಾಳ" ಎಂದ.

"ಇವತ್ತೊಂದು ದಿನ ಕಳಸ್ರಿ ಅಣ್ಣಾ. ತಪ್ಪು ನಂದೈತಿ. ಹುಡುಗನ ಕಾಲು ನಾನೇ ಹಿಡೀತೀನಿ."

"ನೀವು ಹಿಡದ್ರ ಏನ್ ಬಂತ್ರಿ?" ಬಂಡೆಮ್ಮ ಮರಳು ಜರಡಿ ಹಿಡಿಯುವುದನ್ನು ನಿಲ್ಲಿಸಲೇ ಇಲ್ಲ. "ನನ್ನ ಮಗ ಮಂದ್ಯಾಗ ತಲಿ ಎತ್ತಂಗಿಲ್ಲ. ನಾಳೆ ಇಕಿ ಜೋಡಿ ಬಾಳೇವು ಮಾಡಾಂವ ಅವ."

ನನಗೆ ಮೈಯೆಲ್ಲ ಉರಿಯಿತು. ಆದರೆ ಅವಳ ಮೇಲೆ ಏನೆಂದು ಸಿಟ್ಟಾಗಲಿ? ಅವಳಿಗೂ ಯಾರೋ ಇದೇ ಪಾಠ ಕಲಿಸಿದ್ದರಲ್ಲ.

ಅಷ್ಟರಲ್ಲಿ ಗಂಗಾ ಬಂದಳು. ತಲೆಯ ಮೇಲೆ ಸೆರಗು, ಸೊಂಟದಲ್ಲಿ ಖಾಲಿ ಬುಟ್ಟಿ. ಅಳಲಿಲ್ಲ. ಬುಟ್ಟಿಗೆ ಇಟ್ಟಿಗೆ ಜೋಡಿಸುತ್ತಲೇ ಕೇಳಿದಳು.

"ಟೀಚರ್, ಅವತ್ತು ನಾ ಕಾಲು ಬಿಟ್ಟಿದ್ರ, ಇವತ್ತ ನನ್ನ ಆಡಾಕ ಕಳಸ್ತಿದ್ರೇನ್ರಿ?"

ಬಿಡಬೇಡ, ಯಾರಿದ್ದರೂ ಬಿಡಬೇಡ ಎಂದು ಜೀವಮಾನವೆಲ್ಲ ಹುಡುಗಿಯರಿಗೆ ಹೇಳಿಕೊಡುತ್ತ ಬಂದ ಹೆಂಗಸು ಶಾರದಾಬಾಯಿ. ಅವರು ಲಿಂಗಣ್ಣನನ್ನು ನೋಡಿದರು, ಬಂಡೆಮ್ಮನನ್ನು ನೋಡಿದರು.

"ಹೂನವ್ವ," ಎಂದರು. "ಕಳಸ್ತಿದ್ರು."

ತರಗತಿಯಲ್ಲಿ ಪಾಠ ತಿಳಿದಾಗ ಆಡಿಸುತ್ತಿದ್ದಂತೆಯೇ ಗಂಗಾ ತಲೆಯಾಡಿಸಿದಳು. ಬುಟ್ಟಿ ಹೊತ್ತು ಮೇಲಿನ ಮಹಡಿಗೆ ಹೋದಳು.